ಕಟ್ಟಿದ ಮೇಲೆ ಯಾರು ನೋಡಿಕೊಳ್ಳಬೇಕು?

ಕುಮಟಾದಲ್ಲಿ ಮೀನುಗಾರರು, ಗಜನಿ ಎಂಬ ಉಪ್ಪು ನೀರಿನ ಗದ್ದೆಗಳ ರೈತರು, ಸ್ವಸಹಾಯ ಸಂಘದ ಮಹಿಳೆಯರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಸರ್ಕಾರದ ಹಣದಿಂದ, ಸರ್ಕಾರದ ಯೋಜನೆಗಳಿಂದ ನಮ್ಮ ಕರಾವಳಿಗೆ ಏನು ಸಿಕ್ಕಿದೆ ಎಂದು ಮಾತಾಡಲು ನನ್ನನ್ನು ಕರೆದಿದ್ದೀರಿ. ವಿಷಯ ದೊಡ್ಡದು. ಇಲಾಖೆವಾರು ಯೋಜನೆಗಳ ಹೆಸರು ಓದುತ್ತಾ ಹೋದರೆ ಕತ್ತಲಾಗುತ್ತದೆ, ಯಾರಿಗೂ ಉಪಯೋಗವೂ ಆಗುವುದಿಲ್ಲ. ಹಾಗಾಗಿ ಒಂದೇ ಪ್ರಶ್ನೆ ಹಿಡಿದುಕೊಂಡು ಮಾತಾಡುತ್ತೇನೆ. ಸರ್ಕಾರ ಒಂದು ಸೇತುವೆ ಕಟ್ಟುತ್ತದೆ. ಆಸ್ಪತ್ರೆ ಕಟ್ಟುತ್ತದೆ. ಗಜನಿಗೆ ಒಡ್ಡು ಹಾಕುತ್ತದೆ. ನೀರಿನ ಟ್ಯಾಂಕು ನಿಲ್ಲಿಸುತ್ತದೆ. ಉದ್ಘಾಟನೆ ಆಗುತ್ತದೆ, ಫೋಟೋ ಪೇಪರಿನಲ್ಲಿ ಬರುತ್ತದೆ. ಮಾರನೇ ದಿನದಿಂದ ಅದನ್ನು ನೋಡಿಕೊಳ್ಳುವವರು ಯಾರು? ಅದಕ್ಕೆ ವರ್ಷ ವರ್ಷ ಬೇಕಾಗುವ ಹಣ ಎಲ್ಲಿಂದ ಬರಬೇಕು?

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಹಣವೇ ಬಂದಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಾಳಿ ಹೊಳೆಯೊಂದನ್ನೇ ನೋಡಿ. ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಒಂದರ ಕೆಳಗೆ ಒಂದು ಅಣೆಕಟ್ಟು. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಅಣು ವಿದ್ಯುತ್ ಘಟಕಗಳು, ಒಟ್ಟು 880 ಮೆಗಾವ್ಯಾಟ್. ಅದರಲ್ಲಿ ಮೊದಲನೇ ಘಟಕ 2018ರ ಡಿಸೆಂಬರ್ ಕೊನೆಗೆ ಸತತ 962 ದಿನ ನಿಲ್ಲದೆ ಓಡಿ ಜಗತ್ತಿನ ದಾಖಲೆ ಮಾಡಿತು. ಕಾರವಾರ-ಅಂಕೋಲಾ ಮಧ್ಯೆ ಸೀಬರ್ಡ್ ನೌಕಾನೆಲೆ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2005ರ ಮೇ 31ರಂದು ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಇವೆಲ್ಲ ಸಾವಿರಾರು ಕೋಟಿಯ ಕೆಲಸಗಳು.

ಆದರೆ ಇವು ದೇಶಕ್ಕೆ ಬೇಕಾಗಿದ್ದವು, ಜಾಗ ನಮ್ಮದಾಗಿತ್ತು. ಸೂಪಾದವರು ಊರು ಮುಳುಗಿಸಿಕೊಂಡು ಜೋಯಿಡಾ ತಾಲ್ಲೂಕಿನ ರಾಮನಗರಕ್ಕೆ ಹೋದರು. ಸೀಬರ್ಡ್‌ಗಾಗಿ ಸಾವಿರಾರು ಕುಟುಂಬಗಳು ಸಮುದ್ರ ದಂಡೆಯ ಮನೆ, ಗದ್ದೆ ಬಿಟ್ಟು ತೋಡೂರು, ಹಾರವಾಡದ ಕಡೆಯ ಕಾಲೊನಿಗಳಿಗೆ ಹೋದವು. ಪರಿಹಾರ ಸಾಲದು ಎಂದು ಜನ ವರ್ಷಗಟ್ಟಲೆ ಕೋರ್ಟು ಅಲೆದರು. ದಂಡೆ ಬಿಟ್ಟು ಬಂದ ಮೀನುಗಾರನಿಗೆ ಸೈಟು, ಮನೆ ಕೊಟ್ಟರೆ ಸೂರು ಸಿಗುತ್ತದೆ. ಬಲೆ ಒಣಗಿಸುವ ಜಾಗ, ದೋಣಿ ಎಳೆದಿಡುವ ಜಾಗ ಸಿಗುವುದಿಲ್ಲ. ಈ ನೋವು ಇಲ್ಲಿ ಕುಳಿತಿರುವ ಕೆಲವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅದರ ಬಗ್ಗೆ ಬೇರೆಯೇ ಸಭೆ ಮಾಡಬೇಕು. ಇವತ್ತು ನಾನು ನಮ್ಮ ದಿನದ ಬದುಕಿಗೆ ತಾಗುವ ಕೆಲಸಗಳ ಬಗ್ಗೆ ಹೇಳುತ್ತೇನೆ.

ಚೆನ್ನಾಗಿ ನಡೆಯುತ್ತಿರುವ ಒಂದು ಕೆಲಸದಿಂದ ಶುರು ಮಾಡೋಣ. ಕೊಂಕಣ ರೈಲು. 1990ರಲ್ಲಿ ನಿಗಮ ಆಯಿತು. ಕೇಂದ್ರ ಸರ್ಕಾರದ ಜೊತೆ ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳ ನಾಲ್ಕೂ ರಾಜ್ಯಗಳು ಪಾಲು ಹಾಕಿದವು. ಕರ್ನಾಟಕದ ಪಾಲು ಶೇ 15. 1998ರ ಜನವರಿ 26ರಂದು ರೋಹಾದಿಂದ ತೋಕೂರಿನವರೆಗೆ 741 ಕಿ.ಮೀ. ಹಳಿ ಪೂರ್ತಿ ತೆರೆಯಿತು. ಅದಕ್ಕೆ ಮೊದಲು ಕಾರವಾರದಿಂದ ಭಟ್ಕಳದವರೆಗೆ ನಮ್ಮ ಐದೂ ತಾಲ್ಲೂಕುಗಳಲ್ಲಿ ಹಳಿಯೇ ಇರಲಿಲ್ಲ. ಈಗ ನಮ್ಮ ಹುಡುಗರು ಬೆಳಿಗ್ಗೆ ಹೊರಟು ಮಡಗಾಂವಿನಲ್ಲಿ ಕೆಲಸ ಮುಗಿಸಿ ಸಂಜೆ ಮನೆಗೆ ಬರುತ್ತಾರೆ. ಅಜ್ಜಿಯಂದಿರು ಮಂಗಳೂರಿನ ಡಾಕ್ಟರನ್ನು ಕಂಡು ರಾತ್ರಿ ಊಟಕ್ಕೆ ವಾಪಸ್. ಹೊನ್ನಾವರದಲ್ಲಿ ಶರಾವತಿ ಮೇಲಿನ ರೈಲು ಸೇತುವೆ 2 ಕಿ.ಮೀ.ಗಿಂತ ಉದ್ದ, ಆ ಇಡೀ ದಾರಿಯಲ್ಲೇ ಉದ್ದದ್ದು.

ಆದರೆ ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಆಮೇಲಿನ ಕತೆ. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬೈಗೆ ಹೊರಟಿದ್ದ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿ ಹತ್ತಿರ ಗುಡ್ಡ ಜಾರಿ ಬಿದ್ದ ಬಂಡೆಗೆ ಬಡಿದು ಹಳಿ ತಪ್ಪಿತು. ಐವತ್ತಕ್ಕೂ ಹೆಚ್ಚು ಜನ ಹೋದರು. ಮುಂದಿನ ವರ್ಷ ಜೂನ್‌ನಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್‌ಗೂ ಹಾಗೇ ಆಯಿತು. ಆಗ ಎಲ್ಲರಿಗೂ ಒಂದು ವಿಷಯ ಗೊತ್ತಾಯಿತು. ಗುಡ್ಡ ಕಡಿದು ಹಳಿ ಹಾಕಿದರೆ ಕೆಲಸ ಮುಗಿಯುವುದಿಲ್ಲ. ಕಡಿದ ಗುಡ್ಡವನ್ನು ಪ್ರತಿ ಮಳೆಗಾಲ ಕಾಯಬೇಕು.

ಆಮೇಲೆ ಕೊಂಕಣ ರೈಲು ಅದನ್ನೇ ಮಾಡಿತು. ಗುಡ್ಡದ ಕಡಿದಾದ ಇಳಿಜಾರನ್ನು ಹಿಂದಕ್ಕೆ ತೆಗೆದರು. ಬಂಡೆ ಉರುಳುವ ಕಡೆ ಕಬ್ಬಿಣದ ಬಲೆ ಹೊದಿಸಿದರು. ಮಣ್ಣು ಹಿಡಿಯಲು ಲಾವಂಚ ನೆಟ್ಟರು. ಕಾರವಾರ, ಭಟ್ಕಳ ಸ್ಟೇಶನ್ನುಗಳಲ್ಲಿ ಮಳೆ ಅಳೆಯುವ ಯಂತ್ರ ಇಟ್ಟರು. ಶರಾವತಿ ಸೇತುವೆ ಮೇಲೆ ಗಾಳಿಯ ವೇಗ ಅಳೆಯುವ ಯಂತ್ರ ಇಟ್ಟರು. ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ ಬಂತು, ಗಾಡಿಗಳು ನಿಧಾನ ಓಡುತ್ತವೆ. ಜೋರು ಮಳೆಯಲ್ಲಿ ಮುಂದೆ ಕಾಣದಿದ್ದರೆ ಗಂಟೆಗೆ 40 ಕಿ.ಮೀ.ಗಿಂತ ಜಾಸ್ತಿ ಓಡಿಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹಳಿ ಮೇಲೆ ನಡೆಯುವ ಮನುಷ್ಯರಿದ್ದಾರೆ. ನಿಮ್ಮಲ್ಲಿ ಹಳಿ ಪಕ್ಕ ಮನೆ ಇರುವವರು ನೋಡಿರುತ್ತೀರಿ. ಆಷಾಢದ ನಡುರಾತ್ರಿ, ಧೋ ಎಂದು ಸುರಿಯುವ ಮಳೆಯಲ್ಲಿ ಟಾರ್ಚು ಹಿಡಿದು ಒಬ್ಬ ಗ್ಯಾಂಗ್‌ಮನ್ ಹೋಗುತ್ತಿರುತ್ತಾನೆ. ಅವನ ಸಂಬಳ ಯಾವ ಅಡಿಗಲ್ಲಿನ ಮೇಲೂ ಕೆತ್ತಿರುವುದಿಲ್ಲ. ಆದರೆ ಅವನು ಇರುವುದರಿಂದಲೇ ಆ 741 ಕಿ.ಮೀ. ಇವತ್ತಿಗೂ ನಮ್ಮ ಉಪಯೋಗಕ್ಕೆ ಇದೆ.

ಈಗ ಅದೇ ಗುಡ್ಡದ ಸಾಲಿನ ಕೆಳಗೆ ಹೋಗುವ ಹೆದ್ದಾರಿ ನೋಡಿ. ರಾಷ್ಟ್ರೀಯ ಹೆದ್ದಾರಿ 66. ನಾಲ್ಕು ಪಥ ಮಾಡಲು ಗುಡ್ಡ ಕಡಿದರು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಬಂದು ರಸ್ತೆ ಮೇಲೆ ಕುಳಿತಿತು. ರಸ್ತೆ ಬದಿಯ ಚಹಾ ಅಂಗಡಿ ಹೋಯಿತು, ಅಲ್ಲಿದ್ದ ಕುಟುಂಬ ಹೋಯಿತು, ಲಾರಿ ನಿಲ್ಲಿಸಿದ್ದ ಚಾಲಕರು ಹೋದರು. ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಒಂದು ಲಾರಿಯನ್ನೂ ಅದರ ಚಾಲಕನ ದೇಹವನ್ನೂ ಹೊಳೆಯಿಂದ ಮೇಲೆ ತರುವಷ್ಟರಲ್ಲಿ ಸೆಪ್ಟೆಂಬರ್ ಮುಗಿಯುತ್ತಾ ಬಂದಿತ್ತು. ಗುಡ್ಡ ಕುಸಿದು ಮೂರು ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾರವಾರ-ಸದಾಶಿವಗಡ ಮಧ್ಯೆ ಕಾಳಿ ಹೊಳೆಯ ಹಳೆ ಸೇತುವೆ ಕುಸಿಯಿತು. ನಾಲ್ಕು ದಶಕ ಗೋವಾದ ಕಡೆಯ ಎಲ್ಲ ಭಾರ ಹೊತ್ತಿದ್ದ ಸೇತುವೆ. ಒಂದು ಲಾರಿ ಹೊಳೆಗೆ ಬಿತ್ತು. ಪುಣ್ಯಕ್ಕೆ ಚಾಲಕನನ್ನು ಬದುಕಿಸಿ ತಂದರು. ಪಕ್ಕದಲ್ಲೇ ಹೊಸ ಸೇತುವೆ ಇತ್ತು. ಆದರೂ ಒಂದು ಬದಿಯ ವಾಹನಗಳು ಹಳೆಯದರ ಮೇಲೇ ಓಡುತ್ತಿದ್ದವು.

ರೈಲಿನ ಗುಡ್ಡಕ್ಕೂ ರಸ್ತೆಯ ಗುಡ್ಡಕ್ಕೂ ಬೀಳುವ ಮಳೆ ಒಂದೇ, ಮಣ್ಣೂ ಒಂದೇ ಅಲ್ವಾ? ಹಳಿಯ ಮೇಲೆ ಕಾವಲಿಗೆ ಜನ ಇದ್ದಾರೆ, ಅದಕ್ಕೆ ಪ್ರತಿ ವರ್ಷ ಹಣ ಇದೆ. ರಸ್ತೆ ಬದಿಯ ಗುಡ್ಡಕ್ಕೂ ಅಂಥ ಕಾವಲು ಬೇಕು. ಎಲ್ಲೆಲ್ಲಿ ಗುಡ್ಡ ಬಿರುಕು ಬಿಟ್ಟಿದೆ ಎಂದು ಮೇ ತಿಂಗಳಲ್ಲೇ ನಡೆದು ನೋಡುವವರು ಬೇಕು. ಅಪಾಯ ಕಂಡರೆ ಯಾರನ್ನೂ ಕೇಳದೆ ರಸ್ತೆ ಮುಚ್ಚಿಸುವ ಅಧಿಕಾರ ಅವರಿಗೆ ಇರಬೇಕು. ಟೋಲ್ ಕಟ್ಟುವ ನಾವು ಇದನ್ನು ಕೇಳುವುದು ತಪ್ಪಲ್ಲ.

ಆಸ್ಪತ್ರೆಯ ಬಗ್ಗೆ ಇಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ಉಡುಪಿ ಕಡೆ ಹೊರಟ ಆಂಬುಲೆನ್ಸ್ ಬೈಂದೂರು ಹತ್ತಿರದ ಟೋಲ್ ಗೇಟಿನಲ್ಲಿ ಅಪಘಾತವಾಗಿ ನಾಲ್ಕು ಜನ ಸತ್ತರು. ಆಗ ಜಿಲ್ಲೆಗೆ ಜಿಲ್ಲೆಯೇ ಎದ್ದು ಸುಸಜ್ಜಿತ ಆಸ್ಪತ್ರೆ ಬೇಕು ಎಂದು ಕೇಳಿತು. ನ್ಯಾಯವಾದ ಬೇಡಿಕೆ. ಕಾರವಾರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಆದರೆ ಭಟ್ಕಳದವರಿಗೆ ಕಾರವಾರ ನೂರು ಕಿ.ಮೀ.ಗಿಂತ ದೂರ, ಅವರಿಗೆ ಮಣಿಪಾಲವೇ ಹತ್ತಿರ. ಶಿರಸಿ ಕಡೆಯವರು ಹುಬ್ಬಳ್ಳಿಗೆ ಓಡುತ್ತಾರೆ. ಕಾರವಾರದವರು ಗೋವಾಕ್ಕೆ ಓಡುತ್ತಾರೆ. ಹೃದಯಾಘಾತಕ್ಕೂ ತಲೆಗೆ ಪೆಟ್ಟಿಗೂ ಈ ದೂರ ತುಂಬಾ ಜಾಸ್ತಿ.

ಇಲ್ಲಿ ನಾನು ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಆಸ್ಪತ್ರೆ ಬೇಕು ಎಂದಾಗ ನಾವು ಹೆಚ್ಚಾಗಿ ಕೇಳುವುದು ಕಟ್ಟಡವನ್ನು. ಸರ್ಕಾರಕ್ಕೂ ಕಟ್ಟಡ ಕೊಡುವುದು ಸುಲಭ. ಆದರೆ ಹೃದಯದ ಚಿಕಿತ್ಸೆ ರಾತ್ರಿ ಎರಡು ಗಂಟೆಗೂ ಸಿಗಬೇಕಾದರೆ ಒಬ್ಬ ಹೃದ್ರೋಗ ತಜ್ಞ ಸಾಲುವುದಿಲ್ಲ. ಪಾಳಿಗೆ ಬೇಕಾದಷ್ಟು ತಜ್ಞರು, ಅರಿವಳಿಕೆ ಡಾಕ್ಟರು, ತರಬೇತಿ ಆದ ನರ್ಸುಗಳು, ಯಂತ್ರ ನಡೆಸುವ ಟೆಕ್ನಿಷಿಯನ್ನರು ಬೇಕು. ಯಂತ್ರ ಕೆಟ್ಟರೆ ರಿಪೇರಿ ಮಾಡುವ ಕಂಪನಿಯ ಜೊತೆ ಒಪ್ಪಂದ ಬೇಕು. ತಜ್ಞರು ಈ ಊರಿನಲ್ಲಿ ನಿಲ್ಲಬೇಕಾದರೆ ಅವರಿಗೆ ಮನೆ, ಮಕ್ಕಳಿಗೆ ಶಾಲೆ, ಒಳ್ಳೆಯ ಸಂಬಳ ಬೇಕು. ಇದು ಒಂದು ಸಲ ಕೊಟ್ಟು ಮುಗಿಯುವ ಹಣ ಅಲ್ಲ. ಮುಂದಿನ ಸಲ ಮನವಿ ಪತ್ರ ಬರೆಯುವವರು ಹಾಸಿಗೆಯ ಸಂಖ್ಯೆಯ ಜೊತೆ ಹುದ್ದೆಯ ಸಂಖ್ಯೆಯನ್ನೂ ಬರೆಯಿರಿ. ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು, ರಾತ್ರಿ ಪಾಳಿಯಲ್ಲಿ ಯಾರಿದ್ದಾರೆ ಎಂದು ಕೇಳಿ.

ಇನ್ನು ಗಜನಿ. ನನ್ನ ಮನಸ್ಸಿಗೆ ತುಂಬಾ ಹತ್ತಿರದ ವಿಷಯ ಇದು. ಸ್ವಲ್ಪ ಉದ್ದ ಆದರೂ ಕೇಳಿ.

ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯ ಸುತ್ತ, ಮಾಣಿಕಟ್ಟಾ, ಹೆಗಡೆ, ಮಾಸೂರು, ಕಾಗಾಲ ಕಡೆ ಇರುವ ಉಪ್ಪು ನೀರಿನ ಗದ್ದೆಗಳು ಗಜನಿ. ಇಲ್ಲಿ ಬೆಳೆಯುವ ಭತ್ತ ಕಗ್ಗ. ಉಪ್ಪು ತಡೆಯುತ್ತದೆ, ನೆರೆಯ ನೀರಲ್ಲಿ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ. ಮಳೆ ಬಿದ್ದು ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಹಾಕುತ್ತಾರೆ. ಗೊಬ್ಬರ ಬೇಡ, ಔಷಧಿ ಬೇಡ. ಹೊಳೆ ತರುವ ಹೂಳೇ ಗೊಬ್ಬರ. ಮಳೆಗಾಲ ಕಳೆದ ಮೇಲೆ ತೆನೆ ಕೊಯ್ದು, ಹುಲ್ಲು ಗದ್ದೆಯಲ್ಲೇ ಬಿಟ್ಟು, ಜಂತ್ರಡಿ, ಅಂದರೆ ಒಡ್ಡಿನಲ್ಲಿರುವ ಹಲಗೆಯ ತೂಬು, ತೆಗೆದು ಉಬ್ಬರದ ನೀರು ಒಳಗೆ ಬಿಡುತ್ತಾರೆ. ನೀರಿನ ಜೊತೆ ಶೆಟ್ಲಿ (ಸಿಗಡಿ) ಮರಿ, ಮೀನು ಮರಿ ಒಳಗೆ ಬಂದು ಆ ಹುಲ್ಲಿನಲ್ಲಿ ಬೆಳೆಯುತ್ತವೆ. ಒಂದೇ ನೆಲ, ವರ್ಷದ ಅರ್ಧ ಅಕ್ಕಿ, ಉಳಿದರ್ಧ ಮೀನು.

ಇದೆಲ್ಲ ನಿಂತಿರುವುದು ಒಡ್ಡಿನ ಮೇಲೆ. ಹಿಂದೆ ಅದು ಮಣ್ಣಿನ ಒಡ್ಡು. ಒಂದು ಕಡೆ ಏಡಿ ತೂತು ಕೊರೆದರೂ ಇಡೀ ಬಯಲಿಗೆ ಉಪ್ಪು ನೀರು ನುಗ್ಗುತ್ತಿತ್ತು. ಹಾಗಾಗಿ ಗಜನಿಯ ಎಲ್ಲ ಮನೆಗಳವರೂ ಸೇರಿ ರಿಪೇರಿ ಮಾಡಬೇಕಿತ್ತು. ಕೆಲಸಕ್ಕೆ ಜನ ಕೊಡುವುದು, ಜಂತ್ರಡಿ ಯಾವಾಗ ತೆಗೆಯಬೇಕು, ಯಾವಾಗ ಹಾಕಬೇಕು ಎಂದು ತೀರ್ಮಾನ ಮಾಡುವುದು, ಎಲ್ಲ ಊರಿನ ಕಟ್ಟುಪಾಡು. 70ರ ದಶಕದಲ್ಲಿ ಸರ್ಕಾರ ಬಂತು. ಕಲ್ಲು ಹಾಕಿದ ಗಟ್ಟಿ ಒಡ್ಡು ಕಟ್ಟಿಕೊಟ್ಟಿತು. ಉದ್ದೇಶ ಒಳ್ಳೆಯದೇ. ರೈತರ ಬೆನ್ನು ಮುರಿಯುವ ಕೆಲಸ ತಪ್ಪಿತು.

ಆದರೆ ಕೆಲಸದ ಜೊತೆ ಊರಿನ ಕಟ್ಟುಪಾಡೂ ಸಡಿಲ ಆಯಿತು. ಒಡ್ಡು ಸರ್ಕಾರದ್ದು, ರಿಪೇರಿಯೂ ಸರ್ಕಾರದ್ದೇ ಎಂದಾಯಿತು. ಕಲ್ಲಿನ ಒಡ್ಡೂ ಶಾಶ್ವತ ಅಲ್ಲ. ಉಬ್ಬರ ಇಳಿತ ದಿನಕ್ಕೆ ಎರಡೆರಡು ಸಲ ಅದನ್ನು ತಿನ್ನುತ್ತದೆ. ಜಂತ್ರಡಿಯ ಹಲಗೆ ಕೊಳೆಯುತ್ತದೆ. ಕಡತ ಇಲಾಖೆಗೆ ಹೋಗಿ, ಅಂದಾಜು ಪಟ್ಟಿ ಆಗಿ, ಟೆಂಡರ್ ಆಗಿ ಬರುವಷ್ಟರಲ್ಲಿ ಒಂದು ಬೆಳೆ ಹೋಗಿರುತ್ತದೆ. ಅದೇ ಹೊತ್ತಿಗೆ ಶೆಟ್ಲಿಗೆ ಒಳ್ಳೆಯ ರೇಟು ಬಂತು. ಹೊರಗಿನವರು ಗಜನಿ ಗುತ್ತಿಗೆ ಹಿಡಿದರು. ಉಪ್ಪು ನೀರು ಬೇಗ ಒಳಗೆ ಬಿಡಬೇಕು ಎಂದು ಅವರಿಗೆ, ತಡ ಮಾಡಬೇಕು ಎಂದು ಭತ್ತದವರಿಗೆ. 90ರ ದಶಕದಲ್ಲಿ ಸಿಗಡಿಗೆ ಬಿಳಿ ಚುಕ್ಕೆ ರೋಗ ಬಂದು ಆ ವ್ಯಾಪಾರವೂ ಬಿತ್ತು. ಅಷ್ಟರಲ್ಲಿ ಎಷ್ಟೋ ಕಡೆ ಕಗ್ಗದ ಬೀಜವೇ ಇರಲಿಲ್ಲ. ಮಾಣಿಕಟ್ಟಾದ ಕಡೆಯ ರೈತರು ಬೀಜ ಉಳಿಸಿಕೊಂಡಿದ್ದರಿಂದ ಇವತ್ತು ಅದರ ಹೆಸರಾದರೂ ಹೇಳುತ್ತಿದ್ದೇವೆ. ಈ ಸಭೆಯಲ್ಲಿ ಅವರಿಗೆ ಒಂದು ಚಪ್ಪಾಳೆ ಹೊಡೆಯಬೇಕು. (ಸಭೆ ಹೊಡೆಯಿತು.)

2024ರ ಜನವರಿ 31ರಂದು ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು. 4,801 ಹೆಕ್ಟೇರ್. ಜಗತ್ತಿನ ಮಹತ್ವದ ಜೌಗು ನೆಲಗಳಲ್ಲಿ ನಮ್ಮದೂ ಒಂದು. ಒಂದು ಕಾಲಕ್ಕೆ ಇದೇ ಅಳಿವೆಯ ತದಡಿಯಲ್ಲಿ 4,000 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರ ಮಾಡುವ ಮಾತಿತ್ತು, ಜನ ಒಪ್ಪಲಿಲ್ಲ, ನಿಂತಿತು. ಆಗ ಒಪ್ಪಿದ್ದರೆ ಈ ಪಟ್ಟಿ ಎಲ್ಲಿಯದು, ಬಳಚು ಹೆಕ್ಕುವ ಹೆಂಗಸರ ದುಡಿಮೆ ಎಲ್ಲಿಯದು. ರಾಮ್ಸರ್ ಹೆಸರು ನಮಗೆ ದೊಡ್ಡ ಗೌರವ. ಅದರ ಜೊತೆ ಗಜನಿ ಒಡ್ಡಿಗೆ ವರ್ಷ ವರ್ಷ ಹಣವೂ ಬರಬೇಕು.

ಉಪ್ಪು ನೀರು ನುಗ್ಗುವ ಜಮೀನಿಗೆಂದೇ ಇರುವ ಸಣ್ಣ ನೀರಾವರಿ ಇಲಾಖೆಯ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಈಗ ಹೊಸ ಒಡ್ಡುಗಳು ಆಗುತ್ತಿವೆ. ಆಗಲಿ, ಬೇಕು. ನನ್ನ ಕೋರಿಕೆ ಇಷ್ಟೇ. ಒಡ್ಡು ಮುಗಿದ ದಿನವೇ ಆ ಗಜನಿಯ ರೈತರದ್ದೊಂದು ಸಮಿತಿ ಆಗಲಿ. ಜಂತ್ರಡಿಯ ಜವಾಬ್ದಾರಿ ಅವರ ಕೈಯಲ್ಲಿರಲಿ. ವರ್ಷಕ್ಕೆ ಇಷ್ಟು ಎಂದು ಸಣ್ಣ ರಿಪೇರಿ ಹಣ ಆ ಸಮಿತಿಯ ಖಾತೆಗೆ ಮೇ ತಿಂಗಳೊಳಗೆ ಬರಲಿ. ಹತ್ತು ಸಾವಿರದ ಹಲಗೆ ಸಕಾಲಕ್ಕೆ ಬದಲಾದರೆ ಹತ್ತು ಲಕ್ಷದ ಬೆಳೆ ಉಳಿಯುತ್ತದೆ ಎಂದು ನಾನು ಸುಮ್ನೆ ಲೆಕ್ಕಕ್ಕೆ ಹೇಳುತ್ತಿದ್ದೇನೆ, ನಿಮ್ಮ ಗಜನಿಯ ನಿಜವಾದ ಲೆಕ್ಕ ನೀವೇ ಮಾಡಿ. ಬಾಯಿಲೆಕ್ಕ ಬೇಡ, ಬರೆದಿಡಿ. ಅಧಿಕಾರಿಗಳ ಮುಂದೆ ಆ ಹಾಳೆಗೆ ಬೆಲೆ ಇದೆ.

ಈಗ ಸಮುದ್ರದ ಕಡೆ ಬರುತ್ತೇನೆ. ಸರ್ಕಾರದ ಹಣ ಬಂದ ಕೂಡಲೇ ಎಲ್ಲರಿಗೂ ಒಳ್ಳೆಯದಾಗುತ್ತದೆ ಎಂದೇನಿಲ್ಲ. ಹಿರಿಯರಿಗೆ ರಂಪಣಿ ನೆನಪಿರಬೇಕು. ದಂಡೆಯಿಂದ ಎಳೆಯುವ ಉದ್ದನೆಯ ಬಲೆ. ಹತ್ತಾರು ಜನ ಸೇರಿ ಎಳೆಯಬೇಕು. ಹಗ್ಗಕ್ಕೆ ಕೈ ಹಾಕಿದ ಎಲ್ಲರಿಗೂ ಪಾಲು. 70ರ ದಶಕದ ನಡುವಿನಿಂದ, ದೊಡ್ಡ ಬಲೆ ಬೀಸಿ ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದವು. ಅವಕ್ಕೆ ಸಾಲ ಸಿಕ್ಕಿತು, ಪ್ರೋತ್ಸಾಹ ಸಿಕ್ಕಿತು. ತಾರ್ಲೆ, ಬಂಗಡೆ ದಂಡೆಗೆ ಬರುವ ಮೊದಲೇ ಬೋಟಿನವರ ಬಲೆಗೆ ಬಿದ್ದವು. ಕೆಲವೇ ವರ್ಷದಲ್ಲಿ ರಂಪಣಿ ಮುಗಿಯಿತು. ಮೀನು ಜಾಸ್ತಿ ಬಂತು, ನಿಜ. ರಫ್ತೂ ಆಯಿತು. ಆದರೆ ಬಂಡವಾಳ ಇಲ್ಲದ ಮನೆಗಳು ಪಾಲುದಾರರಾಗಿದ್ದವು, ಕೂಲಿಯವರಾದವು. ಒಂದು ಸಾಲ ಯೋಜನೆ ಬಂದಾಗ ಅದು ಊರಿನ ಯಾರ ಕೈಗೆ ಹೋಗುತ್ತದೆ, ಯಾರ ಕೈಯಿಂದ ಏನು ಕಸಿಯುತ್ತದೆ ಎಂದು ಮೊದಲೇ ಯೋಚಿಸಬೇಕು.

ಅಳಿವೆಯ ಹೂಳು ಇನ್ನೊಂದು ಕತೆ. ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಕಡೆ ಮರಳು ತುಂಬಿ ಬೋಟುಗಳು ತಾಗುತ್ತವೆ, ಮಗುಚುತ್ತವೆ. ಬಂದರು ಕಟ್ಟಿ ಜೆಟ್ಟಿ ಮಾಡಿದರೂ ಅಳಿವೆ ದಾಟಲು ಆಗದಿದ್ದರೆ ಬೋಟು ಸಮುದ್ರಕ್ಕೆ ಹೋಗುವುದು ಹೇಗೆ? ಹೂಳು ಒಂದು ಸಲ ತೆಗೆದರೆ ಮುಗಿಯುವುದಿಲ್ಲ. ಮುಂದಿನ ಮಳೆಗಾಲಕ್ಕೆ ಮರಳು ಮತ್ತೆ ಬಂದು ಕೂರುತ್ತದೆ. ಮನೆಯ ಹೆಂಚು ಸರಿಮಾಡಿದ ಹಾಗೆ ಇದನ್ನೂ ಪ್ರತಿ ವರ್ಷ ಮಾಡಲೇಬೇಕು.

ಚಿಕ್ಕ ಹಣದ ಬಗ್ಗೆ ಒಂದು ಮಾತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಇಳಿಯುವಂತಿಲ್ಲ. ಮೀನು ಮರಿ ಹಾಕುವ ಕಾಲ, ನಿಷೇಧ ಸರಿ. ಆ ಎರಡು ತಿಂಗಳು ಒಲೆ ಉರಿಯಬೇಕಲ್ಲ? ಅದಕ್ಕೆ ಉಳಿತಾಯ ಪರಿಹಾರ ಯೋಜನೆ ಇದೆ. ಮೀನುಗಾರ 1,500 ರೂಪಾಯಿ ಕಟ್ಟಿದರೆ ಸರ್ಕಾರ 3,000 ಸೇರಿಸಿ 4,500 ಕೊಡುತ್ತದೆ. 2020ರಲ್ಲಿ ಶುರುವಾದ ಮತ್ಸ್ಯ ಸಂಪದ ಯೋಜನೆಯಲ್ಲಿ ಅಪಘಾತ ವಿಮೆ ಇದೆ, ಸಾವಾದರೆ 5 ಲಕ್ಷ. ಮೀನುಗಾರ ಮಹಿಳೆಯರಿಗೆ ಬಡ್ಡಿ ಇಲ್ಲದ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ 50 ಸಾವಿರದಿಂದ 3 ಲಕ್ಷಕ್ಕೆ ಏರಿಸಿತು. ತಲೆ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುವ ಹೆಂಗಸು ಬಡ್ಡಿಯವನ ಹತ್ತಿರ ಬೆಳಿಗ್ಗೆ ಸಾಲ ತಂದು ಸಂಜೆ ತೀರಿಸುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. 4,500 ರೂಪಾಯಿ ಕಮ್ಮಿ ಎಂದು ನನಗೂ ಅನ್ನಿಸುತ್ತದೆ. ಅದನ್ನು ಜಾಸ್ತಿ ಮಾಡಬೇಕು. ಅದಕ್ಕಿಂತ ಮೊದಲು, ಆ ಹಣ ನಿಷೇಧದ ದಿನಗಳಲ್ಲೇ ಕೈಗೆ ಬರಬೇಕು. ಆಗಸ್ಟ್ ದಾಟಿ ಬಂದರೆ ಸಾಲದ ಬಡ್ಡಿಗೆ ಹೋಗುತ್ತದೆ.

ಕುಡಿಯುವ ನೀರಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಇಷ್ಟು ಮಳೆ ಬೀಳುವ ಜಿಲ್ಲೆಯಲ್ಲಿ ಏಪ್ರಿಲ್ ಬಂತೆಂದರೆ ದಂಡೆಯ ಬಾವಿಗಳು ಉಪ್ಪಾಗುತ್ತವೆ. ಅದಕ್ಕೇ ಕಾರವಾರ, ಅಂಕೋಲಾಕ್ಕೆ ಹೊನ್ನಳ್ಳಿಯಿಂದ ಗಂಗಾವಳಿ ನೀರು, ಕುಮಟಾ, ಹೊನ್ನಾವರಕ್ಕೆ ಮರಾಕಲ್‌ನಿಂದ ಅಘನಾಶಿನಿ ನೀರು ಬರುತ್ತದೆ. ಹಳ್ಳಿಗಳಿಗೆ 2019ರಲ್ಲಿ ಜಲಜೀವನ ಮಿಷನ್ ಬಂತು. ಮನೆ ಮನೆಗೆ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್. ಪೈಪು, ಟ್ಯಾಂಕು ಆದ ಮೇಲೆ ಅದು ಪಂಚಾಯತಿಗೆ ಹಸ್ತಾಂತರ ಆಗುತ್ತದೆ. ಆಮೇಲೆ ಕರೆಂಟ್ ಬಿಲ್, ಪಂಪ್ ರಿಪೇರಿ, ನೀರು ಬಿಡುವವನ ಸಂಬಳ ಪಂಚಾಯತಿಯ ತಲೆ ಮೇಲೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ನೀರು ಮತ್ತು ಸ್ವಚ್ಛತೆಗೇ ಮೀಸಲಿಟ್ಟಿದ್ದರು. ಅದರ ಜೊತೆ ನಾವೂ ನೀರಿನ ಕರ ಕಟ್ಟಬೇಕು. ಕೇಳುವುದಕ್ಕೆ ಕಹಿ, ಆದರೂ ಹೇಳುತ್ತೇನೆ. ಕರ ಕಟ್ಟಿದ ರಸೀದಿ ಕೈಯಲ್ಲಿದ್ದವನು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದರೆ ಅವನ ದನಿಯೇ ಬೇರೆ ಇರುತ್ತದೆ.

ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಆಗಲೇಬೇಕು ಎಂದು ಕಾನೂನು ಹೇಳುತ್ತದೆ. ನಾವು ಅಲ್ಲಿಗೆ ಹೋಗಿ ಹೊಸ ರಸ್ತೆ, ಹೊಸ ಸಭಾಭವನ ಕೇಳುತ್ತೇವೆ. ಕ್ರಿಯಾ ಯೋಜನೆಯಲ್ಲಿ ಅದನ್ನೇ ಬರೆಯುತ್ತಾರೆ. ಮುಂದಿನ ಸಲ ಹೋದಾಗ ಹಳೆಯದರ ಬಗ್ಗೆ ಕೇಳಿ. ಈಗಿರುವ ಕಾಲುಸಂಕ, ಟ್ಯಾಂಕು, ಒಡ್ಡು, ಅಂಗನವಾಡಿಯ ಛಾವಣಿ, ಇವುಗಳ ರಿಪೇರಿಗೆ ಈ ವರ್ಷ ಎಷ್ಟು ಇಟ್ಟಿದ್ದೀರಿ? ಹೊಸ ಕೆಲಸ ಮಂಜೂರು ಮಾಡುವಾಗ ಅದರ ಐದು ವರ್ಷದ ಖರ್ಚು ಯಾರದ್ದು ಎಂದು ನಡಾವಳಿಯಲ್ಲಿ ಬರೆದಿದ್ದೀರಾ? ನಡಾವಳಿ ಪುಸ್ತಕದಲ್ಲಿ ಬರೆದ ಮೇಲೆ ಓದಿ ಹೇಳಿಸಿ, ಆಮೇಲೆ ಸಹಿ ಹಾಕಿ. ಖಾಲಿ ಹಾಳೆಗೆ ಸಹಿ ಹಾಕುವುದನ್ನು ಬಿಡಿ.

ಮಾತು ಮುಗಿದ ಮೇಲೆ ಅಂಕೋಲಾ ಕಡೆಯ ಯುವಕರೊಬ್ಬರು ಅಲ್ಲಿನ ಕೇಣಿಯಲ್ಲಿ ಕಟ್ಟಲು ಹೊರಟಿರುವ ಬಂದರಿನ ಬಗ್ಗೆ ಕೇಳಿದರು. ಅಷ್ಟು ದೊಡ್ಡ ಹೂಡಿಕೆ ಬರುವಾಗ ಬೇಡ ಅನ್ನುವುದು ಸರಿಯಾ ಎಂದು ಅವರ ಪ್ರಶ್ನೆ. ನಾನು ಹೇಳಿದ್ದು ಇದು: ದಂಡೆಯಲ್ಲಿ ಬದುಕುವವರು ಒಪ್ಪದೆ ಯಾವ ಬಂದರೂ ಬರಬಾರದು. ಕಾರವಾರದಲ್ಲಿ 2020ರ ಜನವರಿಯಲ್ಲಿ ಬಂದರು ವಿಸ್ತರಣೆ ವಿರುದ್ಧ ಮೀನುಗಾರರು ಬೀದಿಗೆ ಇಳಿದರು. ಹೊನ್ನಾವರ ತಾಲ್ಲೂಕಿನ ಕಾಸರಕೋಡಿನ ಟೊಂಕಾದಲ್ಲಿ ಒಣಮೀನಿನ ಹೆಂಗಸರು ತಮ್ಮ ಜಾಗಕ್ಕಾಗಿ ಹೋರಾಡಿದರು. ಅವರು ಅಭಿವೃದ್ಧಿಯ ವಿರೋಧಿಗಳಲ್ಲ. ಅಲೆತಡೆ ಗೋಡೆ ಕಟ್ಟಿದರೆ ಮರಳು ಒಂದು ಬದಿ ಕೂತು ಇನ್ನೊಂದು ಬದಿ ಕೊರೆಯುತ್ತದೆ ಎಂದು ಅವರಿಗೆ ಕಣ್ಣಾರೆ ಗೊತ್ತು. ಆ ಕೊರೆತಕ್ಕೆ ಮೂವತ್ತು ವರ್ಷ ಯಾರು ಹಣ ಕೊಡುತ್ತಾರೆ ಎಂಬ ಪ್ರಶ್ನೆಗೆ ಬರಹದಲ್ಲಿ ಉತ್ತರ ಬರಲಿ. ಆಮೇಲೆ ಮಾತಾಡೋಣ.

ಸ್ವಸಹಾಯ ಸಂಘದ ಮಹಿಳೆಯೊಬ್ಬರು ಕೇಳಿದರು: "ನಾವು ಕೇಳಿದ್ರೆ ಲೆಕ್ಕ ಯಾರು ತೋರಿಸ್ತಾರೆ?"

ತೋರಿಸಲೇಬೇಕಾದ ದಿನ ಒಂದಿದೆ. ಪಂಚಾಯತ್ ಜಮಾಬಂದಿ. ಪ್ರತಿ ವರ್ಷ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತದೆ. ಹಿಂದಿನ ವರ್ಷದ ಲೆಕ್ಕ, ಬಿಲ್ಲು, ಕಾಮಗಾರಿ ಕಡತ ಎಲ್ಲವನ್ನೂ ಊರವರ ಮುಂದೆ ಇಡಬೇಕು. ಕೆಲಸ ಆದ ಜಾಗಕ್ಕೂ ಹೋಗಿ ನೋಡಬಹುದು. ಯಾವ ದಿನ ಎಂದು ಪಂಚಾಯತಿಯಲ್ಲಿ ಮೊದಲೇ ವಿಚಾರಿಸಿಡಿ. ಒಬ್ಬರೇ ಹೋಗಬೇಡಿ, ಸಂಘದವರೆಲ್ಲ ಸೇರಿ ಹೋಗಿ. ಅಲ್ಲೂ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡು ಇದ್ದವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಹಾಗಾಗಿ ನೀರಿನ ಟ್ಯಾಂಕಿಗೆ ಒಂದು ಅರ್ಜಿ, ಒಡ್ಡಿಗೆ ಇನ್ನೊಂದು ಅರ್ಜಿ. ಬರೆಯಲು ಇಲ್ಲಿರುವ ಕಾಲೇಜು ಹುಡುಗಿಯರು ಸಹಾಯ ಮಾಡುತ್ತೇವೆ ಎಂದು ಸಭೆಯಲ್ಲೇ ಕೈ ಎತ್ತಿದರು. ಮುಂದಿನ ವಾರ ಅವರೆಲ್ಲ ಸೇರಿ ಮೊದಲ ಅರ್ಜಿ ಬರೆಯುವುದು ಎಂದು ತೀರ್ಮಾನ ಆಗಿದೆ.